ಬೆಂಕಿ ಕುಡಿದ ಹರಳು

ಮಾರ್ಚ್ 4, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಒಂದರ ಮೇಲೊಂದು ವಾಲಿಕೊಂಡಿವೆ. ಬಲಗೈ ಬಿಳಿ ಬಟ್ಟೆಯ ಗಂಟು. ಅಂಗೈ ಚರ್ಮ ಹೋಗಿದೆ, ಬೆರಳುಗಳಿಗೆ ಏನೂ ಆಗಿಲ್ಲ, ಪುಣ್ಯ ಮಾಡಿದ್ದೀರಿ ಎಂದರು ಡಾಕ್ಟರು. ಹುಬ್ಬುಗಳೂ ಸುಟ್ಟುಹೋಗಿವೆ. ಮಗಳು ಪುಟ್ಟಿ ನನ್ನ ಮುಖವನ್ನೇ ದಿಟ್ಟಿಸಿ, "ಅಮ್ಮಾ, ನೀನು ಯಾವಾಗ ನೋಡಿದ್ರೂ ಆಶ್ಚರ್ಯಪಟ್ಟ ಹಾಗೆ ಕಾಣ್ತೀಯ" ಎಂದಳು.

ಇಷ್ಟು ಬರೆಯುವುದರಲ್ಲೇ ಎಡಗೈಯೂ ನೋಯತೊಡಗಿತು.

ಮಾರ್ಚ್ 7, ಗುರುವಾರ

ಆದದ್ದನ್ನು ಒಮ್ಮೆ ಬರೆದುಬಿಟ್ಟರೆ ತಲೆಯಿಂದ ಇಳಿದೀತು.

ನಮ್ಮ ಕಾರ್ಖಾನೆಯಲ್ಲಿ ಮಕ್ಕಳ ಮೂರ್ಛೆರೋಗದ ಮಾತ್ರೆಗೆ ಬೇಕಾದ ಒಂದು ಪುಡಿ ತಯಾರಾಗುತ್ತದೆ. ಅದಕ್ಕೆ ಸೋಡಿಯಂ ಬೇಕು. ಸೋಡಿಯಂ ಅಂದರೆ ಲೋಹವೇ, ಆದರೆ ಚಾಕುವಿಗೆ ಸೋಪಿನಂತೆ ಕೊಯ್ಯಿಸಿಕೊಳ್ಳುತ್ತದೆ. ಕೊಯ್ದ ಜಾಗ ಬೆಳ್ಳಿಯಂತೆ ಹೊಳೆದು, ನೋಡುನೋಡುತ್ತಲೇ ಮಂಕಾಗುತ್ತದೆ. ಗಾಳಿ ಆಗದು. ನೀರಂತೂ ಕಡುವೈರಿ. ಅದಕ್ಕೇ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತೇವೆ. ಅಂದು ತುಂಡುಗಳನ್ನು ತಟ್ಟೆಯಲ್ಲಿಟ್ಟು ಪಾತ್ರೆಗೆ ಹಾಕಿಸುತ್ತಾ ನಾನು ನಿಂತಿದ್ದೆ. ಮೇಲೆ ತಣ್ಣೀರಿನ ಕೊಳವೆ ಬೆವರಿತ್ತು. ಒಂದು ಹನಿ ಬಿತ್ತು. ಒಂದೇ ಹನಿ.

ಹೊತ್ತಿಕೊಂಡ ತಟ್ಟೆಯನ್ನು ಕೈಯಿಂದ ದೂರ ತಳ್ಳಿದೆ. ಯಾಕೆ ಹಾಗೆ ಮಾಡಿದೆನೋ. ಉಗ್ರಾಣದ ಸೀಮೆಎಣ್ಣೆಯವರು ನನ್ನ ಕಾಲರು ಹಿಡಿದು ಹಿಂದಕ್ಕೆಳೆದರು. (ವರ್ಷಾನುಗಟ್ಟಲೆ ಸೋಡಿಯಂ ಡಬ್ಬಗಳ ಜೊತೆ ಇದ್ದು ಮೈಯೆಲ್ಲ ಅದೇ ವಾಸನೆ, ಅವರ ನಿಜವಾದ ಹೆಸರಿನಲ್ಲಿ ಕರೆದರೆ ಅವರೇ ತಿರುಗಿ ನೋಡುವುದಿಲ್ಲ.) ಬಕೆಟಿನ ಮರಳು ಮುಗಿಯಿತು, ಬೆಂಕಿ ಮುಗಿಯಲಿಲ್ಲ. ಪಕ್ಕದ ವಿಭಾಗದವರು ಒಣಗಿಸಲೆಂದು ಒವನ್ನಿನಲ್ಲಿಟ್ಟಿದ್ದ ಬಿಳಿ ಸಿಲಿಕಾ ಹರಳಿನ ಡ್ರಮ್ಮನ್ನೇ ಅವರು ಉರುಳಿಸಿಕೊಂಡು ಬಂದು ಅದರ ಮೇಲೆ ಸುರಿದರು. ಬೆಂಕಿ ನಿಂತಿತು. ಅಷ್ಟರಲ್ಲಿ ಸಿಡಿದದ್ದು ಅವರ ಎಡಗಣ್ಣಿಗೆ ಬಿದ್ದಿತ್ತು.

ನಾನು ಮನೆಯಲ್ಲಿದ್ದೇನೆ. ಅವರಿನ್ನೂ ಆಸ್ಪತ್ರೆಯಲ್ಲಿದ್ದಾರೆ.

ಬರೆದೆ. ಇಳಿಯಲಿಲ್ಲ.

ಮಾರ್ಚ್ 12, ಮಂಗಳವಾರ

ನಿರ್ಧಾರ ಮಾಡಿದ್ದೇನೆ. ಇನ್ನು ಸೋಡಿಯಂ ಇರುವ ಕೋಣೆಗೆ ಕಾಲಿಡುವುದಿಲ್ಲ. ಕ್ವಾಲಿಟಿ ವಿಭಾಗಕ್ಕೆ ವರ್ಗ ಕೇಳುತ್ತೇನೆ. ಅಲ್ಲಿ ಶೀಷೆಗಳ ಮೇಲೆ ಚೀಟಿ ಅಂಟಿಸುತ್ತಾ, ಬಿಳಿ ಪುಡಿ ಬಿಳಿಯಾಗಿದೆ ಎಂದು ಸಹಿ ಹಾಕುತ್ತಾ ನೆಮ್ಮದಿಯಾಗಿರಬಹುದು.

ಗಂಡ ನೀರು ಸರಬರಾಜಿನಲ್ಲಿ ಇಂಜಿನಿಯರು. ಮದುವೆಯಾದಾಗಿನಿಂದ ಅವರ ಗೆಳೆಯರಿಗೆ ಇದೇ ತಮಾಷೆ: ಊರಿಗೆಲ್ಲ ನೀರು ಬಿಡುವವನಿಗೆ ನೀರು ಕಂಡರೆ ಉರಿಯುವ ಹೆಂಡತಿ. ಇವತ್ತು ನಿರ್ಧಾರ ತಿಳಿಸಿದಾಗ ಮಾತ್ರ ಅವರು ತಮಾಷೆ ಮಾಡಲಿಲ್ಲ.

"ನಿಂಗೆ ಅಲ್ಲಿ ಬೇಜಾರಾಗಲ್ವಾ?"

"ಬೇಜಾರಾಗ್ಲಿ ಅಂತಾನೇ ಹೋಗ್ತಿರೋದು."

ಒಲೆ ಅವರೇ ಹಚ್ಚುತ್ತಾರೆ. ನನ್ನ ಕೈಗೆ ಆಗುವುದಿಲ್ಲವಲ್ಲ. ಅವರು ಹಚ್ಚುವಾಗ ಹಿತ್ತಲಿನಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತದೆ ನನಗೆ.

ಮಾರ್ಚ್ 18, ಸೋಮವಾರ

ಆಸ್ಪತ್ರೆಗೆ ಹೋಗಿ ಸೀಮೆಎಣ್ಣೆಯವರನ್ನು ನೋಡಿಕೊಂಡು ಬಂದೆ. ಎಡಗಣ್ಣಿನ ಮೇಲೆ ದಪ್ಪ ಪಟ್ಟಿ. ಬೆಳಕು ಕತ್ತಲೆ ಗೊತ್ತಾಗುತ್ತದಂತೆ, ಮುಖ ಗೊತ್ತಾಗುವುದಿಲ್ಲವಂತೆ. ಅವರ ಹೆಂಡತಿ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಸ್ವೆಟರಿನ ಹರಿದ ತೋಳು ಹೆಣೆಯುತ್ತಿದ್ದರು.

"ಇನ್ಮೇಲೆ ಸಿನಿಮಾಗೆ ಅರ್ಧ ಟಿಕೆಟ್ಟು ನಂಗೆ" ಎಂದರು ಅವರು. ಹೆಂಡತಿ ನಗಲಿಲ್ಲ. ನನಗೂ ನಗು ಬರಲಿಲ್ಲ. ಅವರೊಬ್ಬರೇ ನಕ್ಕರು.

ಮೊದಲು ಮೇಡಂ ಎನ್ನುತ್ತಿದ್ದವರು ಈಗ ತಂಗಿ ಎನ್ನುತ್ತಿದ್ದಾರೆ. ಹೊರಡುವಾಗ ಕರೆದು ಕೂರಿಸಿಕೊಂಡರು.

"ತಂಗೀ, ಒಂದು ವಿಷ್ಯ. ಮರಳು ಹಾಕಿದ್ರೆ ಸೋಡಿಯಂ ಒಳಗೊಳಗೇ ಉರೀತಾ ಇರುತ್ತೆ, ಹೊಗೆ ಬರ್ತಾನೇ ಇರುತ್ತೆ. ಎಷ್ಟು ಸಲ ನೋಡಿದ್ದೀನಿ. ಆ ಹರಳು ಹಾಕಿದಾಗ ಸುಮ್ನೆ ಕೂತ್ಬಿಡ್ತಲ್ಲ, ಕುಡಿದು ಮಲಗಿದ ಹಾಗೆ. ಅದ್ಯಾಕೆ?"

"ನಂಗೊತ್ತಿಲ್ಲ ಅಣ್ಣಾ."

"ನಿಂಗೂ ಗೊತ್ತಿಲ್ವಾ!" ಎಂದು ಒಂದೇ ಕಣ್ಣು ಅರಳಿಸಿದರು.

ಬಸ್ಸಿನಲ್ಲಿ ಅದೇ ಯೋಚನೆ. ಯಾಕೆ ಸುಮ್ಮನಾಯಿತು? ಇಳಿಯುವ ಸ್ಟಾಪು ದಾಟಿ ಮುಂದೆ ಹೋಗಿಬಿಟ್ಟೆ. ಬಿಸಿಲಿಗೆ ತಲೆ ಮಂಕಾಗಿತ್ತು ಅಂತ ಕಾಣುತ್ತದೆ.

ಮಾರ್ಚ್ 22, ಶುಕ್ರವಾರ

ಕಾರ್ಖಾನೆಗೆ ಹೋದೆ. ಸಾಹೇಬರು ನಮ್ಮ ವಿಭಾಗದವರನ್ನೆಲ್ಲ ಕೂರಿಸಿ ವಿಷಯ ಹೇಳಿದರು. ಮಾಲೀಕರಿಗೆ ಸೋಡಿಯಂ ಸಾಕಾಗಿದೆ. ಜೂನ್ ಮುಗಿಯುವುದರೊಳಗೆ ಅಪಾಯವಿಲ್ಲದ ದಾರಿ ಸಿಕ್ಕಿದರೆ ಸರಿ, ಇಲ್ಲವಾದರೆ ವಿಭಾಗಕ್ಕೆ ಬೀಗ. ಪುಡಿಯನ್ನು ಮಾಡುವವರೇ ಕಡಿಮೆ; ನಾವೂ ನಿಲ್ಲಿಸಿದರೆ ಆ ಮಾತ್ರೆಗಾಗಿ ಅಂಗಡಿ ಅಂಗಡಿ ಅಲೆಯುವ ತಾಯಂದಿರ ಗತಿ ಏನೆಂದು ಯಾರೋ ಕೇಳಿದರು. ಸಾಹೇಬರು ಕನ್ನಡಕ ಒರೆಸಿಕೊಂಡರು.

ನಾನು ವರ್ಗದ ಮಾತೆತ್ತಿದೆ. ಏಪ್ರಿಲ್ ಮೊದಲ ವಾರದಿಂದ ಕ್ವಾಲಿಟಿ ವಿಭಾಗದಲ್ಲಿ ಕಿಟಕಿ ಪಕ್ಕದ ಮೇಜು ಕೊಡುತ್ತಾರಂತೆ. ಒಳ್ಳೆಯದಾಯಿತು.

ಹೊರಗೆ ಬರುವಾಗ ಸುಟ್ಟ ಹಾಲ್‌ನ ಕಿಟಕಿಯಿಂದ ಇಣುಕಿದೆ. ವಿಚಾರಣೆ ಮುಗಿಯುವವರೆಗೆ ಯಾರೂ ಮುಟ್ಟಬಾರದೆಂದು ಹಗ್ಗ ಕಟ್ಟಿದ್ದಾರೆ. ಹರಳಿನ ಗುಡ್ಡೆ ಹಾಗೇ ಬಿದ್ದಿದೆ. ಮೇಲೆ ಬೆಳ್ಳಗೆ, ಒಂದು ಕಡೆ ಕುಸಿದಲ್ಲಿ ಒಳಗೆಲ್ಲ ಕಪ್ಪು. ಬೂದಿಯ ಕಪ್ಪಲ್ಲ. ಹೊಳೆಯುವ ಕಪ್ಪು, ಕಾಗೆಯ ರೆಕ್ಕೆಯ ಹಾಗೆ.

ಸುಮ್ಮನೆ ನೋಡಿದೆ, ಅಷ್ಟೆ.

ಮಾರ್ಚ್ 27, ಬುಧವಾರ

ವಿಚಾರಣೆ ಮುಗಿದು ಇವತ್ತು ಹಾಲ್ ತೊಳೆಯುವುದೆಂದಾಯಿತು. ಹಾಗೇ ನೀರು ಬಿಟ್ಟರೆ ಏನಾದೀತೋ ಎಂದು ಹೇಳಲು ಹೋಗಿದ್ದೆ. ಬೇರೆ ಏನಕ್ಕೂ ಅಲ್ಲ.

ನಮ್ಮ ಲ್ಯಾಬಿನ ಸೂಜಿ ಅಲ್ಲಿದ್ದಳು. ತೆಳ್ಳಗಿದ್ದಾಳೆ, ಮಾತು ಕಡಿಮೆ, ಆಡಿದ್ದು ನೆಟ್ಟಗೆ ಹೋಗಿ ಚುಚ್ಚುತ್ತದೆ. ಕೆಲಸಕ್ಕೆ ಸೇರಿದ ವಾರವೇ ಈ ಹೆಸರು ಬಿತ್ತು. ನಾನು ಬಾಗಿಲ ಹೊರಗೆ ನಿಂತು, "ಆ ಕಪ್ಪು ಹರಳು ಒಂದು ಚಮಚ ಎತ್ತಿಟ್ಕೋ" ಎಂದೆ. ಅವಳು ಮುಖಕ್ಕೆ ಗಾಜಿನ ಗುರಾಣಿ ಹಾಕಿಕೊಂಡು, ಉದ್ದ ಹಿಡಿಯ ಚಮಚದಲ್ಲಿ ಗುಡ್ಡೆಯ ಹೊಟ್ಟೆಯಿಂದ ಎತ್ತಿದಳು. ಗಾಳಿಗೆ ಹಿಡಿದಳು. ಹೊಗೆಯಿಲ್ಲ, ಕಿಡಿಯಿಲ್ಲ.

"ಸತ್ತುಹೋಗಿದೆ" ಎಂದೆ.

"ನೋಡೋಣ" ಎಂದು ಲ್ಯಾಬಿನಲ್ಲಿ ದಪ್ಪ ಗಾಜಿನ ಹಿಂದೆ ಅದನ್ನಿಟ್ಟು ಒಂದು ಹನಿ ನೀರು ಬಿಟ್ಟಳು. ನಾನು ಎದುರಿನ ಗೋಡೆಗೆ ಒರಗಿ ಕಿವಿ ಮುಚ್ಚಿಕೊಂಡಿದ್ದೆ. ಉರಿಯಲಿಲ್ಲ, ಸಿಡಿಯಲಿಲ್ಲ. ಸುಯ್ ಎಂದು ಗುಳ್ಳೆ ಬಂತು. ಬರುತ್ತಲೇ ಇತ್ತು. ಗುಳ್ಳೆ ಬರುತ್ತದೆ ಎಂದರೆ ಒಳಗೆ ಸೋಡಿಯಂ ಜೀವಂತವಾಗಿದೆ ಎಂದೇ ಅರ್ಥ. ಇಷ್ಟು ದಿನ ಸುತ್ತಲಿನ ಒಣ ಹರಳುಗಳು ಗಾಳಿಯ ತೇವವನ್ನೆಲ್ಲ ತಾವೇ ಹೀರಿಕೊಂಡು ಅದನ್ನು ಕಾಪಾಡಿದ್ದವು. ಅಂದರೆ, ಅಂದು ಕರಗಿ ಹರಿದ ಸೋಡಿಯಂ ಹರಳಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಕೂತಿದೆ. ಹರಳು ಬೆಂಕಿಯನ್ನು ಆರಿಸಲಿಲ್ಲ, ಕುಡಿದುಬಿಟ್ಟಿತು.

ಮಧ್ಯಾಹ್ನ ಹಳೆಯ ಲೇಖನಗಳನ್ನು ಹುಡುಕಿದೆವು. ಬೇರೆ ಕಡೆ ಯಾರೋ ಇಂಥದ್ದನ್ನು ಬೇಕೆಂದೇ ಮಾಡಿದ್ದಾರೆ. ನಾವು ಮೊದಲಿಗರಲ್ಲ. ಸಮಾಧಾನವೂ ಆಯಿತು, ಒಂಚೂರು ಹೊಟ್ಟೆಯುರಿಯೂ.

ಏಪ್ರಿಲ್ 3, ಬುಧವಾರ

ಕೈಯ ಕಟ್ಟು ಬಿಚ್ಚಿದರು. ಅಂಗೈ ಹೊಸ ಮಗುವಿನ ಅಂಗೈಯಂತೆ ಗುಲಾಬಿ, ಆದರೆ ಮಡಚಿದರೆ ಒರಟು ಕಾಗದದಂತೆ ಎಳೆಯುತ್ತದೆ.

ಪುಟ್ಟಿಗೆ ಪ್ರಶ್ನೆಗಳ ಹುಚ್ಚು. "ಸೋಡಿಯಂಗೆ ನೀರಿನ ಮೇಲೆ ಯಾಕಮ್ಮಾ ಅಷ್ಟು ಸಿಟ್ಟು?"

"ಸಿಟ್ಟಲ್ಲ. ಅದರ ಹತ್ರ ಹೊರಗಡೆ ಒಂದೇ ಒಂದು ಎಲೆಕ್ಟ್ರಾನ್ ಇರುತ್ತೆ. ಅದನ್ನ ಯಾರಿಗಾದ್ರೂ ಕೊಟ್ಟುಬಿಡೋಕೆ ತುದಿಗಾಲಲ್ಲಿ ನಿಂತಿರುತ್ತೆ. ನೀರು ಸಿಕ್ತು ಅಂದ್ರೆ ಎಲ್ಲಾನೂ ಒಟ್ಟಿಗೇ ಕೊಡೋಕೆ ನುಗ್ಗುತ್ತೆ. ಆ ನೂಕುನುಗ್ಗಲಲ್ಲಿ ಬಿಸಿ ಏರಿ ಬೆಂಕಿ."

"ಹರಳೊಳಗೆ ಹೋದ್ರೆ?"

"ಸಣ್ಣ ಸಣ್ಣ ಕೋಣೆ. ಒಂದೊಂದರಲ್ಲಿ ಚೂರು ಚೂರೇ."

"ಓ! ಗಲಾಟೆ ಮಾಡೋರನ್ನ ನಮ್ ಟೀಚರ್ ಬೇರೆ ಬೇರೆ ಬೆಂಚಲ್ಲಿ ಕೂರಿಸ್ತಾರಲ್ಲ, ಹಾಗೆ."

ಲೇಖನದಲ್ಲಿ ಪುಟಗಟ್ಟಲೆ ಬರೆದದ್ದು ಇದೇ.

ಕ್ವಾಲಿಟಿ ವಿಭಾಗಕ್ಕೆ ಇವತ್ತೇ ಹೋಗಬೇಕಿತ್ತು. ಸೂಜಿಗೆ ಲೆಕ್ಕಾಚಾರ ಹೇಳಿಕೊಡುವುದಿದೆ, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಕಳಿಸಿದೆ. ಲೆಕ್ಕಾಚಾರ ಅಷ್ಟೇ. ಕೈ ಹಾಕುವವಳು ಅವಳು.

ಏಪ್ರಿಲ್ 11, ಗುರುವಾರ

ಮೊದಲ ಪ್ರಯತ್ನ. ನಮ್ಮಲ್ಲೊಂದು ಗ್ಲೋವ್ ಬಾಕ್ಸ್ ಇದೆ. ಗಾಜಿನ ಮುಚ್ಚಿದ ಪೆಟ್ಟಿಗೆ, ಒಳಗೆ ಗಾಳಿಯ ಬದಲು ಆರ್ಗಾನ್ ಅನಿಲ. ಗೋಡೆಗೇ ಅಂಟಿಸಿದ ರಬ್ಬರ್ ಗವಸುಗಳಲ್ಲಿ ಹೊರಗಿನಿಂದ ಕೈ ತೂರಿಸಿ ಕೆಲಸ ಮಾಡಬೇಕು. ಸೂಜಿ ಕೈ ತೂರಿಸಿದಳು. ನಾನು ಪಕ್ಕದ ಕೋಣೆಯಲ್ಲಿ ನಿಂತು ಒಂದೊಂದೇ ಹಂತ ಕೂಗಿ ಹೇಳಿದೆ. ಹರಳನ್ನು ಬಿಸಿ ಮಾಡಿ, ಸೋಡಿಯಂ ತುಂಡು ಹಾಕಿ, ಕರಗುತ್ತಿದ್ದಂತೆ ಕಲಕಬೇಕು.

ಬುಸ್ ಎಂಬ ಸದ್ದು.

ಆಮೇಲೆ ನಾನು ಕಾರ್ಖಾನೆಯ ಅಂಗಳದಲ್ಲಿದ್ದೆ, ಸೈಕಲ್ ಸ್ಟ್ಯಾಂಡಿನ ಪಕ್ಕ. ಹೇಗೆ ಬಂದೆನೋ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೂಜಿ ಬಂದಳು. ಕೈಯಲ್ಲಿ ನನ್ನ ಒಂದು ಚಪ್ಪಲಿ. ನನ್ನ ಕಾಲ ಬಳಿ ಇಟ್ಟು, "ನೊರೆ ಬಂತು ಅಷ್ಟೇ. ಏನೂ ಒಡೀಲಿಲ್ಲ" ಎಂದು ವಾಪಸು ಹೋದಳು.

ಏಪ್ರಿಲ್ 12, ಶುಕ್ರವಾರ

ರಜೆ ಹಾಕಿದೆ. ಮಲಗಿದ್ದೆ.

ಏಪ್ರಿಲ್ 16, ಮಂಗಳವಾರ

ಯಾಕೆ ನೊರೆ ಬಂತು? ಮೂರು ದಿನದಿಂದ ಇದೇ. ಅನ್ನ ತಿನ್ನುವಾಗಲೂ ಇದೇ.

ಹರಳನ್ನು ನಾವು ಒಣಗಿಸಿಯೇ ಹಾಕಿದ್ದೆವು. ಆದರೆ ಮೇಲೆ ಒಣಗಿದ್ದು ಒಳಗೆ ಒಣಗಿರಬೇಕೆಂದೇನಿಲ್ಲ. ರಂಧ್ರದ ಗೋಡೆಗೆ ನೀರು ಅಂಟಿಕೊಂಡೇ ಇದ್ದೀತು. ಹಾಗಾದರೆ ಅಂದಿನ ಡ್ರಮ್ಮಿನ ಹರಳು ಅಷ್ಟು ಒಣಗಿದ್ದು ಹೇಗೆ? ಸೀಮೆಎಣ್ಣೆಯವರಿಗೆ ಫೋನು ಮಾಡಿದೆ. ಮನೆಗೆ ಬಂದಿದ್ದಾರೆ.

"ಪಕ್ಕದ ವಿಭಾಗದ್ದು ಪಂಪು ಕೆಟ್ಟಿತ್ತಲ್ಲ ತಂಗಿ. ಅವ್ರು ಒವನ್ನಲ್ಲಿ ಇಟ್ಟು ಮರೆತೇಬಿಟ್ಟಿದ್ರು. ವಾರದ ಮೇಲಾಗಿತ್ತು. ನಾನೇ ಬೈತಾ ಇದ್ದೆ, ಕರೆಂಟು ದಂಡ ಅಂತ."

ಮರೆವು! ಆ ಮರೆವಿಗೆ ಒಂದು ಹಾರ ಹಾಕಬೇಕು. ತಕ್ಷಣ ಸೂಜಿಗೆ ಹೇಳಿ ಹರಳನ್ನು ದೊಡ್ಡ ಉರಿಯ ಕುಲುಮೆಗೆ ಇಡಿಸಿದೆ. ಕುಲುಮೆಯ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ, ಬಗ್ಗಿ ಒತ್ತಿ ಹಿಡಿದೆ. ಮುಖಕ್ಕೆ ಝಳ ಹೊಡೆಯಿತು. ಹುಬ್ಬು ಈಗಷ್ಟೇ ಚಿಗುರುತ್ತಿದೆ, ಮತ್ತೆ ಹೋದರೆ ಪುಟ್ಟಿ ನಗುತ್ತಾಳೆ.

ಏಪ್ರಿಲ್ 23, ಮಂಗಳವಾರ

ಈ ಸಲ ನೊರೆ ಬರಲಿಲ್ಲ. ಗಂಟು ಬಂತು. ಸೋಡಿಯಂ ಒಟ್ಟಿಗೇ ಜಾಸ್ತಿ ಹಾಕಿದ್ದಕ್ಕೆ ಹರಳುಗಳೆಲ್ಲ ಒಂದಕ್ಕೊಂದು ಅಂಟಿ ಕಲ್ಲಾದವು. ಸೂಜಿ ಆ ಉಂಡೆಯನ್ನು ತಿರುಗಿಸಿ ನೋಡಿ, "ಇದನ್ನ ಯಾರ ತಲೆಗಾದ್ರೂ ಹೊಡೀಬಹುದು" ಎಂದಳು. ಯಾರ ತಲೆ ಎಂದು ಹೇಳಲಿಲ್ಲ.

ಗಂಟು ಒಡೆದಾಗ ಒಳಗೆ ಮೂರು ಬಣ್ಣ. ನಡುವೆ ಬಿಳಿ, ಸುತ್ತ ಬೂದು, ಹೊರಗೆ ಕಪ್ಪು. ಅಂದರೆ ಸೋಡಿಯಂ ಒಳಗೆ ನಡೆದುಹೋಗಲು ಸಮಯ ಬೇಕು, ನಾವೇ ಅವಸರ ಮಾಡಿದ್ದು. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬರಬೇಕು. ರಂಧ್ರ ಇನ್ನೂ ದೊಡ್ಡದಿರುವ ಹರಳು ಬೇಕು.

ಸ್ಟೂಲನ್ನು ಲ್ಯಾಬಿನ ಒಳಗೇ ಹಾಕಿಕೊಂಡೆ. ಪಕ್ಕದ ಕೋಣೆಯಿಂದ ಕೂಗಿ ಕೂಗಿ ಗಂಟಲು ಬಿದ್ದಿದೆ.

ಮೇ 2, ಗುರುವಾರ

ಇಂದು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಬರೆಯುವುದು ಬಹಳವಿದೆ, ಎಡಗೈ ನಂಬಿ ಕೂತರೆ ಮುಗಿಯುವುದಿಲ್ಲ.

ಬೆಳಗ್ಗೆ ಹರಳನ್ನು ಗ್ಲೋವ್ ಬಾಕ್ಸಿಗೆ ಇಳಿಸಿ, ಬಿಸಿ ಮಾಡಿ, ಎಲ್ಲ ಸಿದ್ಧವಾದ ಹೊತ್ತಿಗೆ ಸೂಜಿಯ ಮಗನಿಗೆ ಜ್ವರ ಏರಿದೆ ಎಂದು ಶಾಲೆಯಿಂದ ಫೋನು. ಅವಳು ಗವಸಿನಿಂದ ಕೈ ಎಳೆದುಕೊಂಡು ನನ್ನ ಮುಖ ನೋಡಿದಳು. "ಹೋಗು ಹೋಗು" ಎಂದೆ. ಅವಳು ಹೋದ ಮೇಲೆ ಯೋಚಿಸಿದೆ: ನಾಳೆಗೆ ಬಿಟ್ಟರೆ ಹರಳು ತಣ್ಣಗಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಇಷ್ಟು ದಿನ ಕಾಯಿಸಿದ್ದು ದಂಡ. ಬೇರೆ ದಾರಿ ಇರಲಿಲ್ಲ, ಕೈ ತೂರಿಸಿದೆ.

ಸೋಡಿಯಂ ತುಂಡು ಮೊದಲು ಅಂಚಿನಲ್ಲಿ ಬೆವರಿದಂತಾಯಿತು. ಆಮೇಲೆ ಮೂಲೆಗಳು ಮೃದುವಾಗಿ, ಇಡೀ ತುಂಡು ತನ್ನ ಮೇಲೆ ತಾನೇ ಕುಸಿದು ಒಂದು ದುಂಡು ಮಣಿಯಾಯಿತು. ಗಾಳಿಯೇ ಇಲ್ಲದ ಕಡೆ ಅದು ಮಂಕಾಗುವುದೇ ಇಲ್ಲ. ಕನ್ನಡಿಯಂತೆ ಹೊಳೆಯುತ್ತಾ ನಿಂತಿತ್ತು; ಅದರಲ್ಲಿ ಕಿಟಕಿ ಕಂಡಿತು, ದೀಪ ಕಂಡಿತು, ಮೂಗು ದಪ್ಪಗಾದ ನಾನು ಕಂಡೆ. ಇಷ್ಟು ವರ್ಷ ಇದರ ಜೊತೆ ಕೆಲಸ ಮಾಡಿ ಇದನ್ನು ಹೀಗೆ ನೋಡಿರಲೇ ಇಲ್ಲ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಯಾವಾಗಲೂ ಸೀಮೆಎಣ್ಣೆಯಲ್ಲಿ ತೋಯ್ದ ಕೊಳಕು ಮುದ್ದೆಯಾಗಿರುತ್ತಿತ್ತು.

ಮೆಲ್ಲಗೆ ಕಲಕಿದೆ. ಮಣಿ ಒಡೆದು ಹತ್ತು ಮಣಿಯಾಯಿತು, ಹತ್ತು ನೂರಾಯಿತು. ಬಿಳಿ ಹರಳುಗಳ ಮೇಲೆ ಬೂದು ನೆರಳು ಹರಿಯಿತು. ಬೂದು ನೀಲಿಯಾಯಿತು. ಮತ್ತೊಂದು ಚೂರು ಹಾಕಿ, ಕಾದು, ಕಲಕಿ, ಮತ್ತೊಂದು. ನೀಲಿ ಗಾಢವಾಗುತ್ತಾ, ಇನ್ನು ನೀಲಿ ಎನ್ನಲಾಗದು ಎನ್ನುವಷ್ಟರಲ್ಲಿ ಕಪ್ಪಾಯಿತು. ಹೊಳೆಯುವ ಕಪ್ಪು. ಲೋಹದ ಮಣಿ ಒಂದೂ ಉಳಿಯಲಿಲ್ಲ. ಪಾತ್ರೆ ವಾಲಿಸಿದರೆ ಹರಳು ಸಕ್ಕರೆಯಂತೆ ಸರಸರ ಜಾರಿತು.

ಪಾತ್ರೆಯ ಮುಚ್ಚಳವನ್ನು ಮೂರು ಸಲ ಹಾಕಬೇಕಾಯಿತು. ಆ ಗವಸುಗಳು ನನಗೆ ದೊಡ್ಡವು, ಅದಕ್ಕೇ ಇರಬೇಕು.

ಮನೆಗೆ ಬಂದು ಒಲೆ ಹಚ್ಚಿ ಟೀಗೆ ಇಟ್ಟು ಗಂಡನಿಗೆ ಎಲ್ಲ ವಿವರಿಸಿದೆ. ಅವರು ನಾನು ಹೇಳುವುದನ್ನು ಬಿಟ್ಟು ಒಲೆಯನ್ನೇ ನೋಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ.

ಮೇ 3, ಶುಕ್ರವಾರ

ಪೆಟ್ಟಿಗೆಯಿಂದ ಹೊರಗೆ ತೆಗೆದೆವು. ಬಯಲು ಗಾಳಿಗೆ, ತೆರೆದ ತಟ್ಟೆಯಲ್ಲಿ. ಸೂಜಿ ಬೆಂಕಿ ಆರಿಸುವ ಒಣಪುಡಿಯ ಬಕೆಟ್ ಹಿಡಿದು ನಿಂತಳು. ಏನೂ ಆಗಲಿಲ್ಲ. ಸುಮ್ಮನೆ ಕೂತಿತ್ತು. ನೀರು ಬಿಟ್ಟರೆ ಸುಯ್ಯೆಂದು ಗುಳ್ಳೆ. ಕೊಡಬೇಕಾದದ್ದನ್ನೆಲ್ಲ ಕೊಟ್ಟಿತು, ಆದರೆ ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದು ಕೊಟ್ಟಿತು.

ಸೂಜಿ ನಕ್ಕದ್ದನ್ನು ಮೊದಲ ಸಲ ನೋಡಿದೆ. ಹಲ್ಲು ಚೆನ್ನಾಗಿವೆ.

ಮೇ 10, ಶುಕ್ರವಾರ

ಹೋದ ವಾರವೇ ಸೀಮೆಎಣ್ಣೆಯವರಿಗೆ ಫೋನು ಮಾಡಿ ಎಲ್ಲ ಹೇಳಿದ್ದೆ. ಎಷ್ಟು ಬಿಸಿ, ಎಷ್ಟು ಹೊತ್ತು, ಬಣ್ಣ ಯಾವಾಗ ತಿರುಗಿತು, ಒಂದೊಂದನ್ನೂ ಕೆದಕಿ ಕೆದಕಿ ಕೇಳಿದರು. ನೋಡಲು ಬನ್ನಿ ಎಂದೆ.

"ನಾಳೇನೇ ಬರ್ತೀನಿ ತಂಗಿ."

ನಾಳೆ ಎಂದದ್ದು ಸೋಮವಾರವಾಯಿತು. ಸೋಮವಾರ ಕಣ್ಣಿಗೆ ಔಷಧಿ ಹಾಕುವುದಿದೆಯಂತೆ, ಆಮೇಲೆ ಭಾವಮೈದುನ ಬರುತ್ತಾನಂತೆ. ಒಂದೊಂದು ಸಲಕ್ಕೆ ಒಂದೊಂದು ನೆಪ.

ಮೇ 21, ಮಂಗಳವಾರ

ಹರಳು ಶಾಂತವಾಗಿದ್ದರೆ ಸಾಲದು, ನಮ್ಮ ಕೆಲಸಕ್ಕೂ ಬರಬೇಕಲ್ಲ. ಹರಳನ್ನು ಒಂದು ಉದ್ದ ಗಾಜಿನ ಕೊಳವೆಯಲ್ಲಿ ತುಂಬಿ, ನಮ್ಮ ದ್ರಾವಣವನ್ನು ಮೇಲಿನಿಂದ ಬಿಟ್ಟೆವು. ಟೀ ಸೋಸಿದಂತೆ ಕೆಳಗೆ ತೊಟ್ಟು ತೊಟ್ಟಾಗಿ ಇಳಿಯಿತು. ಇಳಿದದ್ದನ್ನು ಒಣಗಿಸಿ ಪರೀಕ್ಷಿಸಿದರೆ ನಮಗೆ ಬೇಕಾದ ಪುಡಿಯೇ! ಕಲಕುವ ಪಾತ್ರೆ ಬೇಡ, ತುಂಡು ಕೊಯ್ಯುವುದು ಬೇಡ. ಹಳೆಯ ಪದ್ಧತಿಗಿಂತ ನಿಧಾನ, ಒಂದಿಷ್ಟು ಕಡಿಮೆಯೂ ಸಿಗುತ್ತದೆ. ಆದರೆ ಸಿಗುತ್ತದೆ.

ಸಾಹೇಬರು ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತೊಟ್ಟು ಬೀಳುವುದನ್ನು ಮಗುವಿನಂತೆ ನೋಡಿದರು. ಏಳುವಾಗ, "ಅಂದಹಾಗೆ, ನಿಮ್ಮ ಮೇಜನ್ನ ಬೇರೆಯವರಿಗೆ ಕೊಟ್ಟುಬಿಟ್ವಿ. ತುಂಬ ದಿನ ಖಾಲಿ ಇತ್ತು ನೋಡಿ" ಎಂದರು.

"ಯಾವ ಮೇಜು ಸಾರ್?" ಎಂದೆ. ಆಮೇಲೆ ನೆನಪಾಯಿತು. ಹೋಗಲಿ, ಯಾರಿಗೋ ಕಿಟಕಿ ಸಿಕ್ಕಿತು.

ಜೂನ್ 5, ಬುಧವಾರ

ಒಂದು ತೊಡಕು. ಮಾಲೀಕರು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿ ಎಂದಿದ್ದಾರೆ. ಹರಳು ತಯಾರಾದ ಮೇಲೆ ಯಾರು ಬೇಕಾದರೂ ಮುಟ್ಟಬಹುದು, ನಿಜ. ಆದರೆ ತಯಾರಿಸುವಾಗ ಕರಗಿದ ಸೋಡಿಯಂ ಇದ್ದೇ ಇರುತ್ತದಲ್ಲ. ಅಪಾಯ ಮಾಯವಾಗಿಲ್ಲ. ಹಾಲ್‌ನಿಂದ ಎದ್ದು ಒಂದು ಸಣ್ಣ ಮುಚ್ಚಿದ ಕೋಣೆಗೆ ಬಂದು ಕೂತಿದೆ. ಆ ಕೋಣೆಗೆ ಪಳಗಿದ ಒಬ್ಬರು ಬೇಕು. ಸೋಡಿಯಂನ ಬುದ್ಧಿ ಬಲ್ಲವರು ಸೀಮೆಎಣ್ಣೆಯವರನ್ನು ಬಿಟ್ಟರೆ ನಮ್ಮಲ್ಲಿ ಇನ್ನೊಬ್ಬರಿಲ್ಲ.

ಫೋನು ಮಾಡಿದರೆ ಈಗ ಮಂಡಿನೋವು.

ರೇಗಿಹೋಯಿತು. ಸಂಜೆ ನೇರ ಅವರ ಮನೆಗೇ ಹೋದೆ. ಅವರು ಇರಲಿಲ್ಲ. ಅವರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಒಳಗಿನವರಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ ಮಾತಾಡಿದರು. ಒಳಗೆ ಯಾರೂ ಇರಲಿಲ್ಲ.

"ಬೇಜಾರು ಮಾಡ್ಕೋಬೇಡಿ. ಅವ್ರು ಎರಡು ಸಲ ನಿಮ್ಮ ಗೇಟಿನ ತನಕ ಬಂದಿದ್ರು. ಡ್ಯೂಟಿ ಶರ್ಟ್ ಹಾಕ್ಕೊಂಡೇ ಹೋಗಿದ್ರು. ಗೇಟಿನ ಹತ್ರ ಆ ಸೀಮೆಎಣ್ಣೆ ವಾಸನೆ ಬಂತಂತೆ, ಕಾಲು ಏಳ್ಲಿಲ್ವಂತೆ. ಯಾರಿಗೂ ಹೇಳ್ಬೇಡ ಅಂದಿದ್ದಾರೆ. ಮನೇಲಿ ಒಗ್ಗರಣೆ ಸಿಡಿದ್ರೂ ಎದ್ದು ಹೊರಗೆ ಹೋಗ್ತಾರೆ."

ನನಗೆ ಹೊಳೆದೇ ಇರಲಿಲ್ಲ. ಸೀಮೆಎಣ್ಣೆಯವರು, ಹೆದರುವುದೇ? ಬೆಂಕಿಯ ಬಾಯಿಂದ ನನ್ನನ್ನು ಎಳೆದು ಹಾಕಿದವರು! ದಾರಿಯುದ್ದಕ್ಕೂ ಅದೇ ವಿಸ್ಮಯ. ಪಾಪ. ಹಾಗೂ ಆಗುತ್ತದೆ ಮನುಷ್ಯರಿಗೆ.

ಜೂನ್ 14, ಶುಕ್ರವಾರ

ಇಂದು ಬಂದರು.

ನಾನು ಫೋನು ಮಾಡಿ ಕೆಲಸದ ಮಾತೇ ಎತ್ತಿರಲಿಲ್ಲ. "ಅಣ್ಣಾ, ಹರಳು ಯಾಕೆ ಸುಮ್ಮನಾಯ್ತು ಅಂತ ಕೇಳಿದ್ರಲ್ಲ. ಉತ್ತರ ಇಟ್ಕೊಂಡು ಕೂತಿದ್ದೀನಿ. ಬೇಕಿದ್ರೆ ಬನ್ನಿ, ಬೇಡ ಅಂದ್ರೆ ಗೇಟಿನ ಹತ್ರಾನೇ ತಂದು ತೋರಿಸ್ತೀನಿ" ಎಂದಿದ್ದೆ. ಗೇಟಿಗೆ ಹೋಗಿ ಕಾದೆ. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಡ್ಯೂಟಿ ಶರ್ಟು. ಅವರ ಮೈಯಲ್ಲಿ ಈಗ ಆ ವಾಸನೆಯೇ ಇಲ್ಲ, ಬರೀ ಸೋಪಿನ ವಾಸನೆ. ಯಾರೋ ಬೇರೆಯವರು ಅನ್ನಿಸಿತು.

ಅಂಗಳದವರೆಗೆ ಮಾತಾಡುತ್ತಲೇ ಬಂದರು. ಲ್ಯಾಬಿನ ಬಾಗಿಲಿಗೆ ಬಂದಾಗ ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದ ಬೆರಳುಗಳ ತುದಿಗಳು ಬೆಳ್ಳಗಾಗಿದ್ದವು. ಸೂಜಿ ಏನೂ ಆಗದವಳಂತೆ ಬೆನ್ನು ತಿರುಗಿಸಿ ಸಿಂಕಿನಲ್ಲಿ ಶೀಷೆ ತೊಳೆಯುತ್ತಾ ನಿಂತಳು. ತೊಳೆದದ್ದನ್ನೇ ತೊಳೆದಳು.

ಕಪ್ಪು ಹರಳಿನ ತಟ್ಟೆಯನ್ನೂ ಗಾಜಿನ ಗುರಾಣಿಯನ್ನೂ ತಂದು ಬಾಗಿಲ ಹೊರಗೆ, ಅಂಗಳದ ಕಟ್ಟೆಯ ಮೇಲಿಟ್ಟೆ. ಬಯಲಿನಲ್ಲಿ ಓಡಲು ದಾರಿಯಾದರೂ ಇರುತ್ತದೆ. ಅವರಿಗೆ ಗವಸು, ಗುರಾಣಿ ಹಾಕಿಸಿ, ನೀರು ತುಂಬಿದ, ಹನಿ ಬಿಡುವ ಸಣ್ಣ ಗಾಜಿನ ಕೊಳವೆಯನ್ನು ಕೈಗೆ ಕೊಟ್ಟೆ.

"ನೀನೇ ಹಾಕು ತಂಗಿ."

"ನಾನು ಹಾಕಿ ನೋಡಿದ್ದೀನಿ. ನೀವು ಹಾಕಿ. ಆ ಹರಳು ಅಂದು ಸುರಿದವರು ನೀವು."

ಅವರು ಕೊಳವೆಯನ್ನು ತಟ್ಟೆಯ ಮೇಲೆ ಹಿಡಿದರು. ಕೊಳವೆಯ ತುದಿಯಲ್ಲಿ ಒಂದು ಹನಿ ಕಟ್ಟಿ ಅಲುಗುತ್ತಿತ್ತು. ನಾನು ಅವರ ಮುಂಗೈ ಹಿಡಿದುಕೊಂಡೆ. ತಳ್ಳಲಿಲ್ಲ, ಎಳೆಯಲಿಲ್ಲ. ಹನಿ ತಾನಾಗಿಯೇ ಬಿತ್ತು.

ಅವರು ಕಣ್ಣು ಮುಚ್ಚಿದ್ದರು.

ಸುಯ್.

ತೆರೆದರು. ಗುಳ್ಳೆ ಬರುತ್ತಿತ್ತು. ಬಗ್ಗಿದರು. ಸರಿಯಾಗಿ ಕಾಣುವ ಕಣ್ಣನ್ನು ತಟ್ಟೆಯ ಕಡೆ ತಿರುಗಿಸಿ ನೋಡಿದರು.

"ಇಷ್ಟೇನಾ?"

"ಇಷ್ಟೇ."

ಇನ್ನೊಂದು ಹನಿ ಹಾಕಿದರು. ಇಷ್ಟೇ. ಮತ್ತೊಂದು. ಆಮೇಲೆ ಸಾಲಾಗಿ, ನಿಲ್ಲಿಸದೆ, ತಟ್ಟೆಯಲ್ಲಿದ್ದದ್ದೆಲ್ಲ ಸುಯ್ಗುಟ್ಟಿ ಮುಗಿಯುವ ತನಕ ಹಾಕಿದರು. ಗುರಾಣಿಯ ಹಿಂದೆ ಅವರ ಮುಖವೆಲ್ಲ ಒದ್ದೆಯಾಗಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ, ಆ ಗಾಜಿನ ಹಬೆಯಲ್ಲಿ ತಿಳಿಯಲಿಲ್ಲ.

"ಅಣ್ಣಾ, ಅದು ನನ್ನ ಇಡೀ ದಿನದ ಹರಳು!" ಎಂದು ಕೂಗಿದೆ.

"ಇನ್ನೊಂದು ದಿನ ಮಾಡ್ಕೊಡ್ತೀನಿ ಬಿಡು. ಎಲ್ಲಿದೆ ಆ ಕೋಣೆ? ಮೇಲೆ ನೀರಿನ ಕೊಳವೆ ಏನಾದ್ರೂ ಇದ್ರೆ ಮೊದ್ಲು ಕಿತ್ತುಹಾಕ್ಸು" ಎಂದು ತಾವೇ ಮುಂದಾಗಿ ಒಳಗೆ ಹೊರಟರು. ಹೊಸಿಲ ಹತ್ತಿರ ಒಂದು ಗಳಿಗೆ ನಿಂತು ನನ್ನ ಕಡೆ ತಿರುಗಿದರು.

"ತಂಗೀ, ನಿಂಗೆ ಹೆದರಿಕೆ ಆಗ್ಲಿಲ್ವಾ? ಮೊದಲ ಸಲ ಮತ್ತೆ ಮುಟ್ಟಿದಾಗ?"

ಯೋಚಿಸಿದೆ. ಮೊದಲ ಸಲ ಯಾವಾಗ ಮುಟ್ಟಿದೆ? ಸೂಜಿಯ ಮಗನಿಗೆ ಜ್ವರ ಬಂದ ದಿನವಿರಬೇಕು. 'ಹರಳು ತಣ್ಣಗಾಗುತ್ತಿತ್ತು' ಎಂದಷ್ಟೇ ನೆನಪಾಯಿತು.

"ಅವತ್ತು ಅವಸರ ಇತ್ತು ಅಣ್ಣಾ" ಎಂದೆ. ಸಿಂಕಿನ ಕಡೆಯಿಂದ ಸೂಜಿ ಒಮ್ಮೆ ತಿರುಗಿ ನನ್ನನ್ನು ನೋಡಿದಳು, ಮತ್ತೆ ಶೀಷೆ ತೊಳೆಯತೊಡಗಿದಳು.

ಸೋಮವಾರದಿಂದ ದೊಡ್ಡ ಪಾತ್ರೆ. ಸಾಹೇಬರು ಮಾಲೀಕರಿಗೆ ಫೋನು ಮಾಡಿ, ಬೀಗದ ಮಾತು ಸದ್ಯಕ್ಕೆ ಬೇಡ ಎಂದು ಒಪ್ಪಿಸಿದ್ದಾರೆ.

ಊಟಕ್ಕೆ ಕೂತಾಗ ಗಂಡನಿಗೂ ಪುಟ್ಟಿಗೂ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಬೇರೊಂದು ಹೊಳೆಯಿತು. ಪೊಟ್ಯಾಸಿಯಂ ಇದೇ ಹರಳಿನಲ್ಲಿ ಕೂತೀತೇ? ಅದು ಸೋಡಿಯಂನ ತಮ್ಮ, ಅಣ್ಣನಿಗಿಂತ ಪೋಕರಿ. ನೀರು ಮುಟ್ಟಿದ ಕ್ಷಣವೇ ಹತ್ತಿಕೊಳ್ಳುವಂಥದ್ದು. ಇನ್ನೂ ಕಡಿಮೆ ಬಿಸಿಯಲ್ಲಿ ಕರಗುತ್ತದೆ ಬೇರೆ. ಒಮ್ಮೆ ಮಾಡಿ ನೋಡಿದರೆ ಹೇಗೆ ಎಂದೆ.

ಗಂಡ ತುತ್ತನ್ನು ತಟ್ಟೆಗೇ ಇಳಿಸಿ ನನ್ನನ್ನೇ ನೋಡಿದರು. ಯಾಕೋ ಗೊತ್ತಾಗಲಿಲ್ಲ. ಪುಟ್ಟಿ ಮಾತ್ರ ನೆಟ್ಟಗೆ ಕೂತು, "ಅದು ಯಾವ ಬಣ್ಣ ಆಗುತ್ತಮ್ಮಾ?" ಎಂದಳು.

ಅದೇ ನನಗೂ ಗೊತ್ತಿಲ್ಲ.